ಮುಂತುದಿಯ ದೀಪ ಆರಿಸಿದ ಕೈ

ಪಯೋಮ್ ಆ ಬೆಳಿಗ್ಗೆ ಲಮಾಯ್ ದೊಡ್ಡಮ್ಮನ ಮನೆಗೆ ಬಂದದ್ದು ಸಹಾಯ ಬೇಡಲು ಎಂದು ಯಾರಾದರೂ ಹೇಳಿದರೆ ಜರೂನ್ ಒಪ್ಪುವುದಿಲ್ಲ. ಅವಳು ಬಂದದ್ದು ಜಗಳಕ್ಕೇ. ಮೆಟ್ಟಿಲ ಕೆಳಗೆ ಚಪ್ಪಲಿ ಒದ್ದು ಬಿಟ್ಟಳು, ಹೆಗಲ ಮೇಲಿದ್ದ ವೈರಿನ ಸುರುಳಿಯನ್ನು ಜಗುಲಿಗೆ ಎಸೆದಳು, ಕೂತುಕೋ ಎನ್ನುವ ಮೊದಲೇ ಕೂತಳು. ಪಕ್ಕಕ್ಕೆ ಕೂರುವ ಗಾಡಿ ಕಟ್ಟಿದ ತನ್ನ ಮೋಟಾರು ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ ಜರೂನ್ ಪಂಪು ಬಿಟ್ಟು ಕಿವಿ ನೆಟ್ಟಗೆ ಮಾಡಿಕೊಂಡ.

"ದೊಡ್ಡಮ್ಮ, ನಾನು ಕ್ಷಮೆ ಕೇಳಲ್ಲ. ಅದನ್ನ ಹೇಳೋಕೆ ಬಂದೆ."

"ನನ್ನ ಹತ್ರ ಕೇಳು ಅಂತ ಯಾರಂದ್ರು? ಮೊದಲು ಕಾಫಿ ಕುಡಿ," ಎಂದಳು ಲಮಾಯ್.

ಲಮಾಯ್ ಬಾನ್ ಹಿನ್ ಲೂಕ್ ಎಂಬ ಮೀನುಗಾರರ ಊರಿನ ಸೂಲಗಿತ್ತಿ. ಊರಿನ ಅರ್ಧ ಜನ ಈ ಲೋಕಕ್ಕೆ ಬಂದದ್ದು ಅವಳ ಕೈ ಮೇಲೆ. ಹುಟ್ಟಿದ ಗಳಿಗೆಯಲ್ಲೇ ತಮ್ಮನ್ನು ಬೆತ್ತಲೆ ನೋಡಿದ ಹೆಂಗಸಿನ ಮುಂದೆ ಸುಳ್ಳು ಹೇಳಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಹಾಗಾಗಿ ಕಳೆದ ಕೋಳಿಯಿಂದ ಹಿಡಿದು ಮದುವೆಯ ಹಿಂದಿನ ದಿನ ಪರಾರಿಯಾದ ಗಂಡಿನವರೆಗೆ ಎಲ್ಲ ಪತ್ತೇದಾರಿಯೂ ಅವಳ ಪಾಲಿಗೆ ಬಂದಿತ್ತು. ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ತಿರುಗುವ ಜರೂನ್, ಆ ಪತ್ತೇದಾರಿಯಲ್ಲಿ ಅರ್ಧ ತನ್ನದೇ ಎಂದು ನಂಬಿದ್ದ. ಲಮಾಯ್ ಅದನ್ನು ಹೌದೆಂದೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ.

ನಡೆದದ್ದು ಊರಿಗೆಲ್ಲ ಗೊತ್ತಿತ್ತು. ದಾರಿ ತೋರುವ ದೀಪಗಳಿಲ್ಲದೆ ಯಾವ ದೋಣಿಯೂ ಕಡಲಿಗಿಳಿಯಬಾರದು ಎಂದು ಬಂದರಿನವರು ಪಟ್ಟು ಹಿಡಿದಿದ್ದರು. ಪಟ್ಟಣದ ದೋಣಿ ಕಾರ್ಖಾನೆಯಲ್ಲಿ ವೈರಿಂಗ್ ಕಲಿತು ಬಂದಿದ್ದ ಪಯೋಮಳಿಗೆ ಊರಿನ ಮುಖ್ಯಸ್ಥ ಸವಾತ್ ಆ ಕೆಲಸ ಒಪ್ಪಿಸಿದ. ಅವಳು ಮೊದಲು ಮುಗಿಸಿದ್ದು ಸೋನ್ ಮಾವನ ದೋಣಿಯನ್ನು. ಸಂಜೆ ಎಲ್ಲರೆದುರು ಸ್ವಿಚ್ಚು ಒತ್ತಿದಾಗ ಮುಂತುದಿಯ ಒಂದೇ ದೀಪದಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಕಂಬದ ಮೇಲೆ ಬಿಳಿ, ಮೂರು ಬಣ್ಣವೂ ಉರಿದವು. ಮರುದಿನ ಮಧ್ಯಾಹ್ನ ಸೋನ್ ಒಬ್ಬನೇ ಬಲೆ ಹಾಕಲು ಹೋದ. ಮುಸ್ಸಂಜೆ ಹಿಂದಿರುಗುವಾಗ, ಅಳಿವೆ ಬಾಯಿಯಲ್ಲಿ, ಬೊಂಡಾಸ್ ಮೀನು ಹಿಡಿಯುವ ದೊಡ್ಡ ದೋಣಿಯೊಂದು ಎದುರಿನಿಂದ ಬಂದು ಅವನಿಗೆ ಗುದ್ದಿತು. ಜೀವ ಉಳಿಯಿತು, ಕಾಲು ಮುರಿಯಿತು. ದೋಣಿಯನ್ನು ದಡಕ್ಕೆ ಎಳೆದು ನೋಡಿದರೆ ಮುಂತುದಿಯ ದೀಪದ ವೈರು ಎರಡು ತುಂಡಾಗಿತ್ತು. ಅದೂ ಎಲ್ಲಿ? ದೋಣಿ ಕಾಯುವ ದೇವತೆ ಯಾ ನಾಂಗ್ ತಾಯಿಗೆಂದು ಮುಂತುದಿಗೆ ಸುತ್ತಿದ ಬಟ್ಟೆಯ ಅಡಿಯಲ್ಲೇ.

"ದೋಣಿ ಕಟ್ಟೋ ಖೇಮಜ್ಜ ಅಂದದ್ದು ನೀವೂ ಕೇಳಿರ್ತೀರಿ," ಎಂದಳು ಪಯೋಮ್. "ಮುಂತುದಿ ತಾಯಿ ಕೂರೋ ಜಾಗ, ಹೆಂಗಸು ಅಲ್ಲಿಗೆ ಕೈ ಹಾಕಿದ್ದಕ್ಕೆ ತಾಯಿ ವೈರು ಕಿತ್ತು ಬಿಸಾಕಿದಳಂತೆ. ಸವಾತಣ್ಣ ಒಂದು ಹೆಜ್ಜೆ ಮುಂದೆ. ನಾನು ಹಾಕಿದ ಜಾಯಿಂಟು ಬಿಟ್ಟುಕೊಂಡಿತಂತೆ. ಹುಣ್ಣಿಮೆ ದಿನ ಊರೆಲ್ಲ ಸೇರಿ, ನಾನು ಹೂವಿನ ತಟ್ಟೆ ಇಟ್ಟು ತಾಯಿ ಹತ್ರ ಕ್ಷಮೆ ಕೇಳಿ, ಇನ್ನು ಯಾವ ದೋಣಿನೂ ಮುಟ್ಟಲ್ಲ ಅಂತ ಮಾತು ಕೊಡಬೇಕಂತೆ."

"ಕೊಡದಿದ್ರೆ?"

"ಮಾತು ಕೊಡದಿದ್ರೆ ಇಲ್ಲಿ ಯಾರೂ ಕೆಲಸ ಕೊಡಲ್ಲ. ಮಾತು ಕೊಟ್ಟರೆ ಯಾವ ಊರಲ್ಲೂ ಕೆಲಸ ಕೊಡಲ್ಲ. ಎರಡು ತಪ್ಪು ಒಪ್ಕೋಬೇಕು ನಾನು ದೊಡ್ಡಮ್ಮ. ಒಂದು, ನನ್ನ ಕೆಲಸ ಕೆಟ್ಟದ್ದು. ಇನ್ನೊಂದು, ನಾನು ಹೆಂಗಸು. ಮೊದಲನೇದು ಸುಳ್ಳು. ಎರಡನೇದು ತಪ್ಪಲ್ಲ."

"ಅಳ್ತೀಯೇನೋ ಅಂದ್ಕೊಂಡೆ."

"ಅಳೋಕೆ ಬಿಡುವಿಲ್ಲ. ಮುಂತುದಿಲಿ ಕೂತಿರೋ ಯಾ ನಾಂಗ್ ಯಾರಂತೆ? ಗಂಡಸಾ?"

ಲಮಾಯ್ ನಗಲಿಲ್ಲ. ಎದ್ದು ಛತ್ರಿ ತೆಗೆದುಕೊಂಡಳು. "ಜರೂನ್, ಗಾಡಿ ತೆಗಿ."

ಸೋನ್ ಮಾವನ ದೋಣಿ ಗಾಳಿಮರಗಳ ನೆರಳಿನಲ್ಲಿ, ಮಗ್ಗುಲು ಒಡೆದುಕೊಂಡು ಮರಳ ಮೇಲೆ ಬಿದ್ದಿತ್ತು. ಸೋನನ ಹೆಂಡತಿ ಬುವಾ ಅಲ್ಲೇ ಬಲೆ ಬಿಡಿಸುತ್ತ ಕೂತಿದ್ದಳು. ಗಂಡ ಆಸ್ಪತ್ರೆಯಲ್ಲಿ, ದೋಣಿ ದಡದಲ್ಲಿ, ಅವಳ ಮುಖ ನೋಡಲಾಗದಷ್ಟು ಬಾಡಿತ್ತು. ಆದರೂ ಪಯೋಮಳನ್ನು ಕಂಡು ಮುಖ ತಿರುಗಿಸಲಿಲ್ಲ. ಅಷ್ಟರಮಟ್ಟಿಗೆ ಅವಳು ಊರಿಗಿಂತ ವಾಸಿ ಎಂದುಕೊಂಡ ಜರೂನ್.

ದೋಣಿಯ ಮುಂತುದಿ ಆಳೆತ್ತರಕ್ಕೆ ಎದ್ದು ನಿಂತಿತ್ತು. ಅದರ ನಡುವಿಗೆ ಕೆಂಪು, ಹಳದಿ, ಹಸಿರು ಬಟ್ಟೆಗಳು, ಒಣಗಿದ ಚೆಂಡುಹೂವಿನ ಹಾರ. ಬಟ್ಟೆಗಿಂತ ಮೇಲೆ, ಮುಂದಕ್ಕೆ ಮುಖ ಮಾಡಿ, ಪಯೋಮ್ ಕೂರಿಸಿದ ದೀಪ. ಎಲ್ಲರೂ ಮೊದಲು ಕೈ ಮುಗಿದರು. ಆಮೇಲೆ ಲಮಾಯ್ ಕೇಳಿದಳು: "ಈ ದೀಪ ಆರಿದ್ದು ಸೋನ್‌ಗೆ ಯಾಕೆ ಗೊತ್ತಾಗಲಿಲ್ಲ?"

"ಹಿಂದೆ ಚುಕ್ಕಾಣಿ ಹಿಡಿದು ಕೂತವರಿಗೆ ಇದು ಕಾಣಲ್ಲ. ಇದು ಎದುರಿಂದ ಬರೋರಿಗೆ," ಎಂದಳು ಪಯೋಮ್. "ಮಾವನ ತಲೆ ಮೇಲೆ ಬಿಳಿ ದೀಪ ಉರೀತಾ ಇತ್ತು. ಎಲ್ಲಾ ಸರಿ ಇದೆ ಅಂದ್ಕೊಂಡಿರ್ತಾರೆ."

"ವೈರು ಎಳೆಯೋಕೆ ಬಟ್ಟೆ ಬಿಚ್ಚಿದ್ದು ಯಾರು?"

"ನಾನೇ. ಬುವಾ ಅತ್ತೆ ಮುಂದೇನೇ ಬಿಚ್ಚಿ, ಮುಗಿದ ಮೇಲೆ ನಾನೇ ಕಟ್ಟಿದೆ. ಮುಂದುಗಡೆ ಗಂಟು ಹಾಕಿ, ಎಲ್ಲರೂ ಕಟ್ಟೋ ಹಾಗೆ."

"ಹೌದು," ಎಂದಳು ಬುವಾ. "ದಡಕ್ಕೆ ಎಳೆದ ದಿನ ಗಂಡಸರು ಬಟ್ಟೆಯ ಅಂಚು ಮೇಲೆತ್ತಿ ನೋಡಿದ್ರು ಅಷ್ಟೇ. ಬಿಚ್ಚೋಕೆ ಖೇಮಣ್ಣ ಬಿಡಲಿಲ್ಲ. ಅಲ್ಲಿಂದ ಯಾರೂ ಮುಟ್ಟಿಲ್ಲ, ನಾನು ಇಲ್ಲೇ ಇದೀನಿ."

"ಈಗ ನಾನು ಬಿಚ್ಚಿಸಲಾ ಬುವಾ?"

ಬುವಾ ತಲೆಯಾಡಿಸಿದಳು. ಜರೂನ್ ಬಟ್ಟೆ ಬಿಚ್ಚಲು ಹೋಗಿ ಮುಂತುದಿಗೆ ಎರಡು ಸುತ್ತು ಹೊಡೆದ. ಗಂಟು ಸಿಗಲಿಲ್ಲ. ಕೊನೆಗೆ ಬಟ್ಟೆಯ ಒಳಗೆ ಬೆರಳು ತೂರಿಸಿದರೆ ಅದು ಒಳಮುಖವಾಗಿ, ಮರಕ್ಕೆ ಒತ್ತಿಕೊಂಡಿತ್ತು. ಬಿಚ್ಚುವಷ್ಟರಲ್ಲಿ ಅವನ ಉಗುರು ಕಿತ್ತು ಬಂತು.

"ನೀನು ಕಟ್ಟಿದ್ದು ಹೀಗಾ?" ಎಂದು ಬೈಯುವ ದನಿಯಲ್ಲಿ ಕೇಳಿದ.

"ನಾನು ಹೀಗೆ ಕಟ್ಟಿಲ್ಲ ಜರೂನಣ್ಣ. ಹೀಗೆ ಕಟ್ಟೋದು ನನಗೆ ಬರೋದೂ ಇಲ್ಲ."

ಬಟ್ಟೆಯ ಅಡಿಯಲ್ಲಿ ವೈರಿನ ಎರಡು ತುದಿಗಳು ಅಗಲಿಕೊಂಡು ನಿಂತಿದ್ದವು. ಲಮಾಯ್ ಒಂದನ್ನು ಕಣ್ಣಿನ ಹತ್ತಿರ ಹಿಡಿದಳು. "ಜಾಯಿಂಟು ಹಾಕೋದು ಅಂದ್ರೆ ಏನಮ್ಮ?"

"ಎರಡು ವೈರಿನ ಸಿಪ್ಪೆ ಸುಲಿದು ತಾಮ್ರಕ್ಕೆ ತಾಮ್ರ ಸೇರಿಸೋದು. ಆದ್ರೆ ನಾನು ಇಲ್ಲಿ ಜಾಯಿಂಟೇ ಹಾಕಿಲ್ಲ. ಸ್ವಿಚ್ಚಿನಿಂದ ದೀಪದವರೆಗೂ ಒಂದೇ ವೈರು."

"ಜರೂನ್, ನಿನ್ನ ಕಣ್ಣು ಚೆನ್ನಾಗಿದೆ. ಸಿಪ್ಪೆ ಸುಲಿದಿದೆಯಾ?"

ಇರಲಿಲ್ಲ. ತಾಮ್ರವೂ ಸಿಪ್ಪೆಯೂ ಒಂದೇ ಮಟ್ಟದಲ್ಲಿ ನೀಟಾಗಿ ನಿಂತಿದ್ದವು. "ಹೊಕ್ಕುಳಬಳ್ಳಿ ಕತ್ತರಿಸಿಯೇ ಮುದುಕಿ ಆದವಳು ನಾನು," ಎಂದಳು ಲಮಾಯ್. "ಕಿತ್ತು ಬಂದದ್ದು ಬೇರೆ, ಕತ್ತರಿಸಿದ್ದು ಬೇರೆ. ಇದು ಕತ್ತರಿಸಿದ್ದು."

ಪಯೋಮಳಿಗೆ ಸಮಾಧಾನವೂ ಸಿಟ್ಟೂ ಒಟ್ಟಿಗೇ ಬಂದಿದ್ದವು. ಯಾರೋ ಬೇಕೆಂದೇ ಮಾಡಿದ್ದರು.

ವೈರು ಹಾದುಹೋದ ಕಡೆ ಮರದಲ್ಲಿ ಒಂದು ಸಣ್ಣ ನೇರ ಗೀಟು ಬಿದ್ದಿತ್ತು. ಲಮಾಯ್ ಹೇಳಿದಂತೆ ಜರೂನ್ ತೆಂಗಿನ ಗರಿಯ ಎಳೆಯೊಂದನ್ನು ಆ ಗೀಟಿನುದ್ದಕ್ಕೆ ಚಿವುಟಿ ಜೇಬಿಗೆ ಹಾಕಿಕೊಂಡ. ಆಗ ಅವನ ಕಣ್ಣಿಗೆ ಇನ್ನೊಂದು ಬಿತ್ತು. ಗೀಟಿನ ಪಕ್ಕದ ಬಿರುಕಿನಿಂದ ನಸುಗೆಂಪು ಕಲೆಯೊಂದು ಮರದ ಮೇಲೆ ಕೆಳಕ್ಕೆ ಹರಿದಿತ್ತು.

"ದೊಡ್ಡಮ್ಮ, ರಕ್ತ," ಎಂದ ಪಿಸುದನಿಯಲ್ಲಿ.

"ರಕ್ತ ಒಣಗಿದ್ರೆ ಕಂದು ಬಣ್ಣಕ್ಕೆ ತಿರುಗುತ್ತೆ ಕಣೋ. ಇದು ಬಣ್ಣ." ಅವಳು ತಲೆಪಿನ್ನಿನಿಂದ ಬಿರುಕನ್ನು ಕೆದಕಿದಳು. ಸುಟ್ಟುಳಿದ ಊದುಬತ್ತಿಯ ಗಿಡ್ಡ ಕಡ್ಡಿಗಳು ಹೊರಬಂದವು. ಅವುಗಳ ಬುಡದ ಕೆಂಪು ಬಣ್ಣ ನೀರಿಗೆ ಬಿಟ್ಟುಕೊಂಡು ಮಾಸಿಹೋಗಿತ್ತು. "ಬುವಾ, ತಾಯಿಗೆ ಊದುಬತ್ತಿ ಹಚ್ಚಿದ್ದು ಯಾವಾಗ?"

"ನಮ್ಮ ದೋಣಿಲಿ ಊದುಬತ್ತಿನಾ?" ಬುವಾ ಬೆಪ್ಪಾದಳು. "ಇವರಿಗೆ ಉಬ್ಬಸ ಅಲ್ವಾ, ಹೊಗೆ ಕಂಡ್ರೆ ಆಗಲ್ಲ. ತಾಯಿಗೆ ಹಾರ, ಒಂದು ಬಾಟಲಿ ಕೆಂಪು ಸೋಡಾ, ಅಷ್ಟೇ. ಮೊದಲಿಂದಲೂ ಅಷ್ಟೇ."

"ಪಯೋಮ್, ನೀನು?"

"ಕೈ ಮುಗಿದೆ. ಊದುಬತ್ತಿ ಹಚ್ಚಲಿಲ್ಲ."

"ದೋಣಿ ದಡಕ್ಕೆ ಬಂದ ಮೇಲೆ ಮಳೆ ಬಂತಾ?"

"ಎಲ್ಲಿಯ ಮಳೆ. ಬಾವಿಲೇ ನೀರಿಲ್ಲ," ಎಂದಳು ಬುವಾ.

ಲಮಾಯ್ ಕಡ್ಡಿಗಳನ್ನು ಸೆರಗಿನಂತೆ ಹೊದ್ದಿದ್ದ ಬಟ್ಟೆಯ ತುದಿಗೆ ಕಟ್ಟಿಕೊಂಡು ಗಾಡಿ ಹತ್ತಿದಳು.

ಮೊದಲು ಹೋದದ್ದು ಮೀನಿನ ಧಕ್ಕೆಗೆ, ಗುದ್ದಿದ ದೋಣಿಯ ಯಜಮಾನ ಕ್ರಿಯಾಂಗನ ಹತ್ತಿರ. ಅವನು ಉತ್ತರದ ಊರಿನವನು. ಅಪಘಾತವಾದಾಗಿನಿಂದ ಇಲ್ಲಿನವರು ಅವನಿಗೆ ಐಸು ಮಾರುವುದನ್ನೂ ನಿಲ್ಲಿಸಿದ್ದರು, ಹಾಗಾಗಿ ಸಿಡಿಮಿಡಿ ಎನ್ನುತ್ತಿದ್ದ.

"ದೀಪ ಇರಲಿಲ್ಲ ಅಂತ ನೀನು ಸುಳ್ಳು ಹೇಳಿದೆ ಅಂತಾರಲ್ಲ," ಎಂದ ಜರೂನ್, ನೇರವಾಗಿ ಕೆದಕಿ.

"ದೀಪ ಇರಲಿಲ್ಲ ಅಂತ ನಾನ್ಯಾಕೆ ಹೇಳಲಿ? ನಿಮ್ಮೂರಲ್ಲಿ ಪೂರ್ತಿ ಮಾತು ಕೇಳೋ ಕಿವಿ ಯಾರಿಗಾದ್ರೂ ಇದೆಯಾ? ಬಣ್ಣದ ದೀಪ ಇರಲಿಲ್ಲ ಅಂದೆ. ಬಿಳಿ ದೀಪ ಒಂದೇ ಕಾಣ್ತಿತ್ತು."

"ಒಂದೇ ಬಿಳಿ ದೀಪ ಕಂಡ್ರೆ ಏನರ್ಥ?" ಎಂದಳು ಲಮಾಯ್.

"ನನಗೆ ಬೆನ್ನು ಮಾಡಿ ಹೋಗ್ತಿದೆ ಅಂತ ಅರ್ಥ ಅಮ್ಮ. ಎದುರು ಬರೋ ದೋಣಿಗೆ ಕೆಂಪು ಹಸಿರು ಕಾಣಬೇಕು. ನನ್ನ ಮುಂದೆ ಹೋಗ್ತಾ ಇದ್ದಾನೆ, ನಿಧಾನಕ್ಕೆ ಹಿಂದೆ ಹೋಗೋಣ ಅಂದ್ಕೊಂಡೆ. ಅವನು ನನ್ನ ಕಡೆಗೇ ಬರ್ತಿದ್ದ. ಗೊತ್ತಾಗೋ ಹೊತ್ತಿಗೆ ಕೈ ಮೀರಿತ್ತು." ಅವನ ದನಿ ತಗ್ಗಿತು. "ಮುದುಕನ ಕಾಲು ಹೇಗಿದೆ?"

ಹೊರಡುವಾಗ ಲಮಾಯ್ ಅವನ ಹತ್ತಿರ ಬಲೆ ಕೊಯ್ಯುವ ಚಾಕುವೊಂದನ್ನು ಎರವಲು ಕೇಳಿದಳು. ಮನೆಯಲ್ಲಿ ಬಲೆಯೇ ಇಲ್ಲದ ಮುದುಕಿಗೆ ಬಲೆಯ ಚಾಕು ಯಾಕೆಂದು ಜರೂನ್‌ಗೆ ಅರ್ಥವಾಗಲಿಲ್ಲ.

ಅಲ್ಲಿಂದ ಇಂಜಿನ್ ರಿಪೇರಿಯ ದೊಲ್ಲಾನ ಕೊಟ್ಟಿಗೆಗೆ. ಪಯೋಮ್ ಬರುವ ಮೊದಲು ಊರಿನ ಬ್ಯಾಟರಿ ಕೆಲಸವೆಲ್ಲ ಅವನದೇ. ಹಾಗಾಗಿ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಚಹಾ ಅಂಗಡಿಯಲ್ಲಿ ಇವರ ವಾಗ್ವಾದ ಕೇಳಲೆಂದೇ ಜನ ಇನ್ನೊಂದು ಲೋಟ ಹೇಳುತ್ತಿದ್ದರು.

"ನನ್ನ ಮೇಲೆ ಅನುಮಾನಾನಾ ದೊಡ್ಡಮ್ಮ?" ಎಂದ ದೊಲ್ಲಾ, ಕೈಯ ಗ್ರೀಸು ಒರೆಸಿಕೊಳ್ಳುತ್ತ.

"ಅನುಮಾನ ಪಡೋ ಹಾಗಿದ್ದೀಯಲ್ಲ."

"ಸಿಟ್ಟು ಅವಳ ಮೇಲೆ, ಸೋನ್ ಮೇಲಲ್ಲ. ಅವಳ ದೀಪ ಕೆಡಿಸಬೇಕಂದ್ರೆ ಹಿಂದೆ ಬ್ಯಾಟರಿ ಹತ್ರ ಒಂದು ತಿರುಪು ಸಡಿಲ ಮಾಡಿದ್ರೆ ಸಾಕಿತ್ತು, ಯಾರಪ್ಪನಿಗೂ ಗೊತ್ತಾಗ್ತಿರಲಿಲ್ಲ. ಮುಂತುದಿ ಏರಿ ನಿಮ್ಮ ತಾಯಿ ಬಟ್ಟೆ ಬಿಚ್ಚೋಕೆ ನನಗೇನು ತಲೆ ಕೆಟ್ಟಿದೆಯಾ? ನಾವು ಮುಸಲ್ಮಾನರು, ಊದುಬತ್ತಿ ಹಚ್ಚಲ್ಲ ನಿಜ, ಆದ್ರೆ ಮುಂತುದಿ ತುಳೀಬಾರದು ಅಂತ ನನ್ನಜ್ಜನೂ ಕಿವಿ ಹಿಂಡಿಯೇ ಕಲಿಸಿದ್ದ." ತುಸು ತಡೆದು ಸೇರಿಸಿದ: "ಇನ್ನೊಂದು ಮಾತು. ಅವಳ ವೈರಿಂಗ್ ಚೆನ್ನಾಗಿತ್ತು. ನಾನು ಅಂದೆ ಅಂತ ಅವಳಿಗೆ ಹೇಳ್ಬೇಡಿ."

ಲಮಾಯ್ ಅವನ ವೈರು ಕತ್ತರಿಸುವ ಇಕ್ಕಳವನ್ನೂ ಕೇಳಿ ಪಡೆದಳು. ಜರೂನನ ಗಾಡಿ ಗುಜರಿ ಅಂಗಡಿಯಾಗತೊಡಗಿತ್ತು.

ಕೊನೆಗೆ ಹಳ್ಳದ ದಡದಲ್ಲಿದ್ದ ಖೇಮಜ್ಜನ ದೋಣಿ ಕಟ್ಟುವ ಅಂಗಳ. ಊರಿನ ಮುಕ್ಕಾಲು ದೋಣಿಗಳು ಹುಟ್ಟಿದ್ದು ಅಲ್ಲಿ. ಅವತ್ತೂ ಒಂದು ಹೊಸ ದೋಣಿ ಎಣ್ಣೆ ಹಚ್ಚಿಸಿಕೊಂಡು ಹೊಳೆಯುತ್ತಿತ್ತು. ಮುಂತುದಿಗೆ ಗರಿಗರಿ ಬಟ್ಟೆ, ಎಲ್ಲೂ ಒಂದು ಗಂಟು ಕಾಣದಂತೆ, ಮೈಗೆ ಅಂಟಿದಂತೆ ಸುತ್ತಿತ್ತು. ಖೇಮಜ್ಜ ಗಂಜಿಯ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದ.

"ಆಸ್ಪತ್ರೆಗಾ?" ಎಂದಳು ಲಮಾಯ್.

"ದಿನಾ ಹೋಗ್ತೀನಿ. ಅಲ್ಲಿಯ ಅನ್ನ ಸೋನ್‌ಗೆ ಸೇರಲ್ಲ." ಮುದುಕನ ಕಣ್ಣು ಕೆಳಗಿತ್ತು. "ನೀನು ಆ ಹುಡುಗಿ ಪರವಾಗಿ ಓಡಾಡ್ತಿದ್ದೀಯಂತೆ ಲಮಾಯ್."

"ಪರ ವಿರೋಧ ಆಮೇಲೆ. ನಿನಗೆ ಆ ದೀಪಗಳ ಮೇಲೆ ಸಿಟ್ಟಾ, ಹುಡುಗಿ ಮೇಲಾ?"

"ದೀಪ ಬೇಕಾದ್ರೆ ಹಾಕಲಿ. ನಮ್ಮ ಕಾಲದಲ್ಲಿ ನಕ್ಷತ್ರ ನೋಡಿ ಬರ್ತಿದ್ವಿ, ಇರಲಿ. ಆದ್ರೆ ಒಂದೊಂದು ಮೊಳೆಗೂ ತಾಯಿ ಅಪ್ಪಣೆ ಕೇಳಿ ನಾನು ಹೊಡೆದ ಮರ ಅದು. ಅದಕ್ಕೆ ಹೆಂಗಸು ಬೈರಿಗೆ ಹಾಕೋದಾ? ನಾನು ಸತ್ತ ಮೇಲೆ ಏನಾದ್ರೂ ಮಾಡಿಕೊಳ್ಳಿ."

"ಒಂದು ಉಳಿ ಕೊಡು ಖೇಮ್. ನನ್ನ ಮನೆ ಬಾಗಿಲು ಬಿಗಿಯಾಗಿದೆ, ಸ್ವಲ್ಪ ಕೆತ್ತಬೇಕು."

ಖೇಮಜ್ಜ ಹಲಗೆಯ ಮೇಲಿನ ಉಳಿಯನ್ನು ಎತ್ತಿಕೊಟ್ಟ. ಲಮಾಯಳ ಮನೆಯ ಬಾಗಿಲು ಬಿಗಿಯಾದದ್ದನ್ನು ಜರೂನ್ ಎಂದೂ ಕಂಡಿರಲಿಲ್ಲ. ಅದಕ್ಕೆ ಒಳಗಿನಿಂದ ಕಲ್ಲು ಒರಗಿಸದಿದ್ದರೆ ಗಾಳಿಗೇ ತೆರೆದುಕೊಳ್ಳುತ್ತಿತ್ತು.

ಹುಣ್ಣಿಮೆಯ ಬೆಳಿಗ್ಗೆ ಊರೆಲ್ಲ ಸೋನನ ದೋಣಿಯ ಸುತ್ತ ಸೇರಿತು. ಮುಖ್ಯಸ್ಥ ಸವಾತ್ ಚಾಪೆ ಹಾಸಿಸಿದ್ದ. ಅದರ ಮೇಲೆ ಹೂವಿನ ತಟ್ಟೆ ಸಿದ್ಧವಾಗಿತ್ತು. ಕ್ರಿಯಾಂಗ್ ಒಂದು ಕಡೆ ಒಂಟಿಯಾಗಿ ನಿಂತಿದ್ದ, ದೊಲ್ಲಾ ಮರಕ್ಕೆ ಒರಗಿದ್ದ, ಖೇಮಜ್ಜ ಎದುರಿಗೇ ಕೂತಿದ್ದ. ಪಯೋಮ್ ಬಂದಳು. ಎಲ್ಲರೂ ಹಬ್ಬದ ಬಟ್ಟೆ ಉಟ್ಟಿದ್ದರೆ ಅವಳು ಕೆಲಸದ ಬಟ್ಟೆಯಲ್ಲೇ ಇದ್ದಳು, ಸೊಂಟದಲ್ಲಿ ಇಕ್ಕಳ ಸಿಕ್ಕಿಸಿಕೊಂಡು.

"ತಟ್ಟೆ ಎತ್ತಿಕೋ ಪಯೋಮ್," ಎಂದ ಸವಾತ್.

"ಅದು ನನ್ನದಲ್ಲ."

ಗುಜುಗುಜು ಎದ್ದಿತು. ಲಮಾಯ್ ಛತ್ರಿಯಿಂದ ಮರಳು ಕುಟ್ಟಿದಳು. "ಅವಳು ಹೇಳಿದ್ದು ಸರಿ. ತಟ್ಟೆ ಯಾರದು ಅಂತ ನಾನು ಹೇಳ್ತೀನಿ. ಮಧ್ಯೆ ಬಾಯಿ ಹಾಕಿದವರು ಹುಟ್ಟಿದಾಗ ಹೇಗಿದ್ರು ಅಂತಾನೂ ಹೇಳ್ತೀನಿ."

ಊರು ಬಾಯಿ ಮುಚ್ಚಿತು.

"ಮೊದಲು ವೈರು. ಜಾಯಿಂಟು ಬಿಟ್ಟುಕೊಂಡಿತು ಅಂದ್ರಿ. ಜಾಯಿಂಟು ಇದ್ದಿದ್ರೆ ಸಿಪ್ಪೆ ಸುಲಿದಿರಬೇಕು. ಬಂದು ನೋಡಿ, ಸುಲಿದಿಲ್ಲ. ಇದು ಹರಿತವಾದದ್ದರಿಂದ ಕತ್ತರಿಸಿದ ವೈರು. ಯಾ ನಾಂಗ್ ತಾಯಿ ಕೈಯಲ್ಲಿ ಆಯುಧ ಇರೋದನ್ನ ನಾನಂತೂ ಕೇಳಿಲ್ಲ."

ಕೆಲವರು ಹೋಗಿ ನೋಡಿದರು. ಸವಾತ್ ಕೂಡ ನೋಡಿ ಬಂದು ಕೂತ.

"ಯಾವಾಗ ಕತ್ತರಿಸಿದ್ದು? ಗುದ್ದಿದ ಮೇಲೆ ತಪ್ಪು ಮುಚ್ಚಿಕೊಳ್ಳೋಕೆ ಕ್ರಿಯಾಂಗ್ ಕತ್ತರಿಸಿರಬಹುದು ಅಂತ ಈಗ ನೀವು ಅಂದ್ಕೊಳ್ತೀರಿ. ಮರದ ಮೇಲೆ ಕೆಂಪು ಕಲೆ ಇದೆ ನೋಡಿ. ಅದು ಬಿರುಕಲ್ಲಿ ಸಿಕ್ಕಿಸಿದ್ದ ಊದುಬತ್ತಿ ಕಡ್ಡಿಯ ಬಣ್ಣ. ಕಡ್ಡಿ ನೆಂದಿದ್ದಕ್ಕೆ ಬಣ್ಣ ಬಿಟ್ಟಿದೆ. ದಡಕ್ಕೆ ಬಂದ ಮೇಲೆ ಈ ದೋಣಿಗೆ ಒಂದು ಹನಿ ನೀರು ಬಿದ್ದಿಲ್ಲ. ಅಂದ್ರೆ ದೋಣಿ ಕಡಲಲ್ಲಿದ್ದಾಗಲೇ ಕಡ್ಡಿ ಅಲ್ಲಿತ್ತು. ಹಿಂದಿನ ಸಂಜೆ ದೀಪ ಉರಿದದ್ದನ್ನ ನೀವೆಲ್ಲ ನೋಡಿದ್ದೀರಿ. ಮರುದಿನ ಸೋನ್ ಹೊರಡೋದ್ರೊಳಗೆ, ದೋಣಿ ಹಳ್ಳದಲ್ಲಿ ಕಟ್ಟಿದ್ದಾಗ, ಯಾರೋ ಬಂದು ಊದುಬತ್ತಿ ಹಚ್ಚಿ, ಬಟ್ಟೆ ಬಿಚ್ಚಿ, ವೈರು ಕತ್ತರಿಸಿ, ಮತ್ತೆ ಬಟ್ಟೆ ಕಟ್ಟಿದ್ದಾರೆ. ಆಗ ಕ್ರಿಯಾಂಗ್ ಕಡಲಲ್ಲಿದ್ದ. ಅವನಿಗೆ ಐಸು ಕೊಡಿ ಇನ್ನು."

ಕ್ರಿಯಾಂಗ್ ಮುಖ ಒರೆಸಿಕೊಂಡ.

"ಊದುಬತ್ತಿ ಯಾಕೆ ಹಚ್ಚಿದ? ಕೇಡು ಮಾಡೋಕೆ ಬಂದವನು ಮೊದಲು ತಾಯಿ ಹತ್ರ ಅಪ್ಪಣೆ ಕೇಳಿದ. ಕೇಳದೆ ಮುಂತುದಿ ಮುಟ್ಟೋಕೆ ಅವನಿಗೆ ಸಾಧ್ಯವೇ ಇರಲಿಲ್ಲ. ಸೋನ್ ಮನೆಲಿ ಹೊಗೆ ಹಾಕಲ್ಲ ಅನ್ನೋದು ಆ ಹೊತ್ತಲ್ಲಿ ಅವನ ತಲೆಗೇ ಬರಲಿಲ್ಲ. ದೊಲ್ಲಾ ಊದುಬತ್ತಿ ಹಚ್ಚೋನಲ್ಲ. ಅವನೇ ಹೇಳಿದ ಹಾಗೆ, ದೀಪ ಆರಿಸೋಕೆ ಬ್ಯಾಟರಿ ಹತ್ರ ಒಂದು ತಿರುಪು ಸಾಕಿತ್ತು. ಈ ಮನುಷ್ಯ ಕಷ್ಟದ ಜಾಗಾನೇ ಆರಿಸಿಕೊಂಡ. ಯಾಕಂದ್ರೆ ಅವನಿಗೆ ದೀಪ ಆರಿದ್ರೆ ಮಾತ್ರ ಸಾಲದು. ತಾಯಿ ಬಟ್ಟೆ ಅಡಿಲೇ ಆರಬೇಕು. ಹೆಂಗಸು ಮುಟ್ಟಿದ್ದು ತಾಯಿಗೆ ಸೇರಲಿಲ್ಲ ಅಂತ ಊರು ಹೇಳಬೇಕು."

ಯಾರ ಕಡೆ ನೋಡಬಾರದೆಂದುಕೊಂಡನೋ ಅತ್ತಲೇ ಜರೂನನ ಕಣ್ಣು ಹೋಯಿತು.

"ಜರೂನ್, ಗರಿ ತೆಗಿ." ಲಮಾಯ್ ಎರವಲು ತಂದ ಸಲಕರಣೆಗಳ ಚೀಲ ಬಿಚ್ಚಿದಳು. "ವೈರನ್ನ ಮರಕ್ಕೆ ಒತ್ತಿ ಕತ್ತರಿಸಿದ ಗೀಟಿನ ಅಳತೆ ಇದು. ಚಾಕು ಹೀಗೆ ಗೀಟು ಬಿಡಲ್ಲ, ಎಳೆದುಕೊಂಡು ಹೋಗುತ್ತೆ. ಇಕ್ಕಳ ಮರ ಮುಟ್ಟೋದೇ ಇಲ್ಲ. ಇದು ಉಳಿ." ಅವಳು ಉಳಿಯ ಬಾಯಿಗೆ ಗರಿಯನ್ನು ಹಿಡಿದ ಜರೂನನ ಕೈಯನ್ನು ಎಲ್ಲರಿಗೂ ತೋರಿಸಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. "ಇಷ್ಟಾಗಿ, ಉಳಿಗಳು ನಾಲ್ಕು ಮನೆಲಿ ಇರಬಹುದು. ಆದ್ರೆ ಪಯೋಮ್ ಮುಂದೆ ಗಂಟು ಹಾಕಿ ಕಟ್ಟಿದ ಬಟ್ಟೆ ನಮಗೆ ಸಿಕ್ಕಾಗ ಗಂಟು ಒಳಗಿತ್ತು. ಅಪಘಾತ ಆದ ಮೇಲೆ ಯಾರೂ ಬಿಚ್ಚಿಲ್ಲ, ಬಿಚ್ಚಬೇಡಿ ಅಂತ ತಡೆದವನೂ ಅವನೇ. ಹೊಸ ದೋಣಿಗೆ ಮೊದಲ ಬಟ್ಟೆ ಕಟ್ಟೋನು ಮಾತ್ರ ಹಾಗೆ ಒಳಗಂಟು ಹಾಕ್ತಾನೆ. ಕದ್ದು ಬಂದಾಗಲೂ ಕೈ ತಾಯಿಗೆ ಅವಸರದಲ್ಲಿ ಕಟ್ಟೋಕೆ ಒಪ್ಪಲಿಲ್ಲ. ಅಲ್ವಾ ಖೇಮ್?"

ಖೇಮಜ್ಜ ತನ್ನ ಉಳಿಯನ್ನೇ ನೋಡಿದ. ಆಮೇಲೆ ಎಂದ: "ಸೋನ್ ನನ್ನ ಜೊತೆ ಆಡಿ ಬೆಳೆದವನು. ದೀಪ ಇಲ್ಲದೆ ನಾವಿಬ್ಬರೂ ಎಷ್ಟು ಕಾಲ ಬಂದಿಲ್ಲ? ಮುಂದಿನದು ಆರಿದ್ರೆ ಏನಾಗುತ್ತೆ, ಎಂದಿನ ಹಾಗೆ ಬರ್ತಾನೆ ಅಂದ್ಕೊಂಡೆ. ಹಿಂದಿನ ಬಿಳಿ ದೀಪ ಒಂದೇ ಉರಿದ್ರೆ ಅದು ಬೇರೆ ಅರ್ಥ ಕೊಡುತ್ತೆ ಅಂತ ನನಗೆ ಯಾರು ಹೇಳಿದ್ರು?"

"ಕೇಳಿದ್ರೆ ನಾನು ಹೇಳ್ತಿದ್ದೆ," ಎಂದಳು ಪಯೋಮ್.

"ದಿನಾ ಗಂಜಿ ಒಯ್ದೆ. ದಿನಾ ಹೇಳಬೇಕು ಅಂದ್ಕೊಂಡೆ. ಹೇಳೋಕಾಗಲಿಲ್ಲ." ಬುವಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಜರೂನ್‌ಗೆ ಅವನ ಮೇಲೆ ಸಿಟ್ಟು ಬಂತು, ಅಯ್ಯೋ ಎಂದೂ ಅನಿಸಿತು. ಎರಡರಲ್ಲಿ ಯಾವುದು ಹೆಚ್ಚೆಂದು ತಿಳಿಯಲಿಲ್ಲ.

ಸವಾತ್ ತಟ್ಟೆಯನ್ನು ಖೇಮಜ್ಜನ ಕಡೆಗೆ ಸರಿಸಿದ. ಊರು ಒಡೆಯದಂತೆ ನೋಡಿಕೊಳ್ಳುವುದು ಅವನ ಕೆಲಸ. "ಆಯ್ತು. ಖೇಮಜ್ಜ ಕ್ಷಮೆ ಕೇಳಲಿ, ಸೋನ್ ದೋಣಿನ ಅವನೇ ಸರಿ ಮಾಡಿಕೊಡಲಿ. ಪಯೋಮ್ ಮೇಲೆ ಯಾವ ತಪ್ಪೂ ಇಲ್ಲ. ಆದ್ರೂ ಹಿರಿಯರ ಮನಸ್ಸು ನೋಯಬಾರದು ನೋಡು. ಇನ್ನು ಮೇಲೆ ಬ್ಯಾಟರಿ, ಸ್ವಿಚ್ಚು, ಹಿಂದಿನ ದೀಪ ನೀನು ಮಾಡು. ಮುಂತುದಿಯದೊಂದು ಯಾರಾದ್ರೂ ಗಂಡಸು ಮಾಡಲಿ. ಇಬ್ಬರ ಮಾತೂ ಉಳಿಯುತ್ತೆ."

ಹಲವರು ತಲೆಯಾಡಿಸಿದರು. ಜಾಣತನದ ಮಾತೆಂದು ಜರೂನ್‌ಗೂ ಒಂದು ಕ್ಷಣ ಅನಿಸಿತು. ಪಯೋಮಳ ಮುಖ ನೋಡಿದ ಮೇಲೆ ಅನಿಸಲಿಲ್ಲ.

"ಆಗಲ್ಲ," ಎಂದಳು ಅವಳು. "ತಪ್ಪಿಲ್ಲ ಅಂತೀರಿ, ಶಿಕ್ಷೆ ಹಾಗೇ ಇಡ್ತೀರಿ. ದೋಣಿ ಅಂದ್ರೆ ಮುಂದೂ ಹಿಂದೂ ಸೇರಿ ಒಂದೇ. ಅರ್ಧ ದೋಣಿಗೆ ನಾನು ದೀಪ ಹಾಕಲ್ಲ. ಅರ್ಧ ದೀಪ ಉರಿದ್ರೆ ಏನಾಗುತ್ತೆ ಅಂತ ಸೋನ್ ಮಾವನ ಕಾಲು ಕೇಳಿ. ಪೂರ್ತಿ ನಾನು ಮಾಡ್ತೀನಿ, ಇಲ್ಲ ಯಾರೂ ಕಡಲಿಗೆ ಇಳೀಬೇಡಿ."

"ಹಟ ಮಾಡ್ಬೇಡ ಪಯೋಮ್."

"ಮಾಡ್ತೀನಿ ಸವಾತಣ್ಣ. ಇಷ್ಟು ದಿನ ನೀವು ಮಾಡಿದ್ರಿ."

ಮರಕ್ಕೆ ಒರಗಿದ್ದ ದೊಲ್ಲಾ ಗಟ್ಟಿಯಾಗಿ ಹೇಳಿದ: "ನನ್ನನ್ನ ಕರೀಬೇಡಿ. ಅವಳು ಬಿಟ್ಟ ಅರ್ಧ ನಾನು ಮಾಡಲ್ಲ." ಅವನ ಬಾಯಿಂದ ಇಂಥ ಮಾತು ಬರುತ್ತದೆಂದು ಪಯೋಮ್ ಕನಸಿನಲ್ಲೂ ಎಣಿಸಿರಲಿಲ್ಲ. ಅವನತ್ತ ತಿರುಗಿ ನೋಡಿದಳು, ಧನ್ಯವಾದ ಮಾತ್ರ ಹೇಳಲಿಲ್ಲ.

ಬುವಾ ಎದ್ದು ನಿಂತಳು. ಮುಖ ಒರೆಸಿಕೊಂಡು, ಯಾರನ್ನೂ ನೋಡದೆ, "ಈ ದೋಣಿ ನಮ್ಮದು. ಪಯೋಮ್, ಈಗಲೇ ಹೊಸ ವೈರು ಎಳಿ," ಎಂದಳು.

ಪಯೋಮ್ ಬರಿಗಾಲಲ್ಲಿ ಮರಳು ದಾಟಿ ಖೇಮಜ್ಜನ ಎದುರು ನಿಂತಳು. "ಅಜ್ಜ, ಮುಂತುದಿಗೆ ಕೈ ಹಾಕೋ ಮುಂಚೆ ತಾಯಿಗೆ ಹೇಳಬೇಕು ಅಂತೀರಲ್ಲ. ನೀವೇ ಹೇಳಿ. ಹೆಂಗಸೊಬ್ಬಳು ಬಂದಿದ್ದಾಳೆ, ದೀಪ ಹಾಕ್ತಾಳೆ ಅಂತ. ಊರಿಗೆಲ್ಲ ಕೇಳೋ ಹಾಗೆ."

ಖೇಮಜ್ಜ ತಲೆಯೆತ್ತಲಿಲ್ಲ. ಎಲ್ಲರೂ ಕಾದರು. ಬೇಡವೆಂದು ಅವನು ಒಂದು ಮಾತು ಹೇಳಿದ್ದರೆ ಊರಿನ ಮುಕ್ಕಾಲು ದೋಣಿಗಳು ಪಯೋಮಳಿಗೆ ಶಾಶ್ವತವಾಗಿ ಮುಚ್ಚಿಹೋಗುತ್ತಿದ್ದವು. ಅದು ಅವಳಿಗೂ ಗೊತ್ತಿತ್ತು. ಆದರೂ ಕೈಕಟ್ಟಿ ನಿಂತೇ ಇದ್ದಳು. ಕೊನೆಗೆ ಮುದುಕ ಮೊಣಕಾಲಿಗೆ ಕೈಯೂರಿ ಎದ್ದ, ಮುಂತುದಿಯ ಹತ್ತಿರ ಹೋಗಿ ಕೈ ಮುಗಿದ.

"ತಾಯಿ," ಎಂದ. "ಈ ಹುಡುಗಿ ಹೆಸರು ಪಯೋಮ್. ಸುಳ್ಳು ಹೇಳಿದ್ದು ಅವಳಲ್ಲ, ನಾನು. ಅವಳು ಕೆಲಸ ಮಾಡ್ತಾಳೆ."

ಅವನೇ ಬಟ್ಟೆಗಳನ್ನು ಬಿಚ್ಚಿದ. ತಾಯಿಯ ಬಟ್ಟೆ ನೆಲಕ್ಕೆ ಇಡುವಂತಿಲ್ಲ, ಕೆಲಸ ಮುಗಿಯುವವರೆಗೆ ಕೈಯಲ್ಲೇ ಹಿಡಿದು ನಿಲ್ಲಬೇಕು. ಪಯೋಮ್ ಕೈ ಮುಗಿದು, ಏಣಿ ಇಟ್ಟು ಹತ್ತಿದಳು. ಹಳೆಯ ವೈರು ಎಳೆದು ಬಿಸಾಡಿದಳು, ಹೊಸದನ್ನು ಹಿಂತುದಿಯಿಂದ ಎಳೆಯಲು ಶುರುಮಾಡಿದಳು. ಊರು ನೋಡುತ್ತ ನಿಂತಿತು. ಬಿಸಿಲೇರಿತು. ಸವಾತ್ ಎರಡು ಸಲ, ಖೇಮಜ್ಜನಿಗೆ ವಯಸ್ಸಾಗಿದೆ, ಬಟ್ಟೆ ಬೇರೆ ಯಾರಾದರೂ ಹಿಡಿಯಲಿ ಎಂದ.

"ಬೇಡ," ಎಂದ ಖೇಮಜ್ಜನೇ.

ಲಮಾಯ್ ತನ್ನ ಛತ್ರಿಯನ್ನು ಜರೂನನ ಕೈಗೆ ಕೊಟ್ಟು, ಮುದುಕನಿಗೆ ನೆರಳು ಹಿಡಿ ಎಂದಳು. ಜರೂನ್ ಹಿಡಿದ. ಆ ಕೆಲಸವನ್ನು ಪಯೋಮ್ ಒಂದು ಗಂಟೆಯಲ್ಲಿ ಮುಗಿಸಬಲ್ಲಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವತ್ತು ಅವಳು ಸಂಜೆಯವರೆಗೆ ಮಾಡಿದಳು.